ಅಲ್ಲಿ ಅಷ್ಟು, ಇಲ್ಲಿ ಇಷ್ಟು

ನಾನು ಎಕ್ಸ್-ರೇ ತೆಗೆಯುವವನು. ರಾಬರ್ಟ್‌ಸನ್‌ಪೇಟೆಯ ಮಾರ್ಕೆಟ್ಟಿನ ಹಿಂದಿನ ಬೀದಿಯಲ್ಲಿರುವ ಒಂದು ಸಣ್ಣ ಖಾಸಗಿ ಆಸ್ಪತ್ರೆಯಲ್ಲಿ, ಮದುವೆಗೂ ಮುಂಚಿನಿಂದ ಅದೇ ಕೆಲಸ. ನಮ್ಮೂರು ಬಂಗಾರಪೇಟೆಯಿಂದ ಕೆಜಿಎಫ್‌ಗೆ ಬರುವ ದಾರಿಯಲ್ಲಿ ಒಳಕ್ಕೆ ತಿರುಗಿದರೆ ಸಿಗುವ ಹಳ್ಳಿ. ಬೆಳಿಗ್ಗೆ ಎದ್ದು ಚಿಕ್ಕಪ್ಪನ ಕೊಟ್ಟಿಗೆಯಿಂದ ಒಂದು ಸಣ್ಣ ಕ್ಯಾನು ಹಾಲು ತುಂಬಿಸಿಕೊಂಡು, ಬೈಕಿಗೆ ತಗುಲಿಸಿಕೊಂಡು ಹೊರಡುತ್ತಿದ್ದೆ. ಮೊದಲು ಉರಿಗಾಂ, ಆಮೇಲೆ ಆಸ್ಪತ್ರೆ.

ಉರಿಗಾಂನಲ್ಲಿ ಆ ಹಾಲು ಹೋಗುತ್ತಿದ್ದದ್ದು ಒಬ್ಬ ತಾತನ ಮನೆಗೆ. ಗಣಿ ನಡೆಯುತ್ತಿದ್ದ ಕಾಲದಲ್ಲಿ ಚಿಕ್ಕಪ್ಪ ಸೈಕಲ್ ಮೇಲೆ ಕ್ಯಾನು ಕಟ್ಟಿಕೊಂಡು ಗಣಿ ಕಾರ್ಮಿಕರ ಲೈನು ಮನೆಗಳಿಗೆಲ್ಲ ಹಾಲು ಹಾಕುತ್ತಿದ್ದ. ಗಣಿ ಮುಚ್ಚಿದ ಮೇಲೆ ಒಂದೊಂದೇ ಮನೆ ಬಿಟ್ಟುಹೋಯಿತು. ಈ ಒಂದು ಮನೆ ಮಾತ್ರ ಉಳಿಯಿತು. ಚಿಕ್ಕಪ್ಪ ಸೈಕಲ್ ತುಳಿಯುವುದನ್ನು ಬಿಟ್ಟ ಮೇಲೆ ಆ ಕೆಲಸ ನನ್ನ ಪಾಲಿಗೆ ಬಂತು. ದಾರಿಯಲ್ಲೇ ಸಿಗುವ ಮನೆ, ನನಗೇನೂ ತೊಂದರೆಯಿರಲಿಲ್ಲ. ತಾತನ ಜೊತೆ ಎರಡು ಮಾತಾಡದೆ ದಿನ ಶುರುವಾದರೆ ಏನೋ ಬಿಟ್ಟುಹೋದ ಹಾಗೆ ಅನ್ನಿಸುತ್ತಿತ್ತು.

ತಾತ ಗಣಿಯೊಳಗೆ ಕಲ್ಲು ಕೊರೆಯುವ ಮೆಷೀನು ಹಿಡಿದವರು. ಅವರ ಎದೆಯ ಎಕ್ಸ್-ರೇಯನ್ನು ನಾನೇ ಹಲವು ಸಲ ತೆಗೆದಿದ್ದೇನೆ. ಆರೋಗ್ಯವಂತರ ಶ್ವಾಸಕೋಶ ಫಿಲ್ಮಿನಲ್ಲಿ ಕಪ್ಪಗೆ ಕಾಣುತ್ತದೆ. ತಾತನದರಲ್ಲಿ ಯಾರೋ ಹಿಡಿಗಟ್ಟಲೆ ಮರಳು ಎರಚಿದ ಹಾಗೆ ಬಿಳಿ ಚುಕ್ಕೆಗಳು. ಕಲ್ಲಿನ ದೂಳು ಒಳಗೆ ಹೋಗಿ ಕೂತರೆ ಹೊರಗೆ ಬರುವುದಿಲ್ಲ. ಮನೆಯಿಂದ ನಲ್ಲಿಯ ತನಕ ನಡೆದು ಹೋದರೆ ನಿಂತು ಉಸಿರು ಎಳೆದುಕೊಂಡೇ ವಾಪಸ್ ಬರಬೇಕು. ಮಗ, ಸೊಸೆ, ಮೊಮ್ಮಕ್ಕಳ ಜೊತೆ ಒಂದೂವರೆ ಕೋಣೆಯ ಮನೆಯಲ್ಲಿದ್ದರು. ಗೋಡೆಗೆ ಗೋಡೆ ಅಂಟಿದ ಮನೆಗಳು. ಈ ಮನೆಯಲ್ಲಿ ಕೆಮ್ಮಿದರೆ ಪಕ್ಕದ ಮನೆಯವರು ನೀರು ಕುಡಿಯಿರಿ ಅನ್ನುತ್ತಿದ್ದರು.

ತಾತನ ಮಗಳು ಇಂಗ್ಲೆಂಡಿನಲ್ಲಿದ್ದಾಳೆ. ಕೆಜಿಎಫ್‌ನಲ್ಲೇ ಓದಿ, ನರ್ಸ್ ಆಗಿ, ಅಲ್ಲಿನ ಒಂದು ವೃದ್ಧಾಶ್ರಮದಲ್ಲಿ ಮುದುಕರನ್ನು ನೋಡಿಕೊಳ್ಳುವ ಕೆಲಸ. ನನ್ನನ್ನು ಅಣ್ಣ ಅನ್ನುತ್ತಾಳೆ. ಕೊರೊನಾ ಬಂದ ಮೊದಲನೆಯ ವರ್ಷ, ಎಲ್ಲ ಮುಚ್ಚಿದ್ದ ಆ ಬೇಸಗೆಯಲ್ಲಿ, ನಾನು ಹಾಲು ಕೊಡಲು ಹೋದ ಹೊತ್ತಿಗೆ ಸರಿಯಾಗಿ ಅವಳ ವಿಡಿಯೊ ಕರೆ ಬಂತು. ಅಲ್ಲಿ ಇನ್ನೂ ಬೆಳಕು ಹರಿದಿರಲಿಲ್ಲ. ಅವಳು ಕೆಲಸದ ನಡುವೆ ಹೊರಗೆ ಬಂದು ನಿಂತಿದ್ದಳು. ಮಾಸ್ಕು ಒತ್ತಿದ ಗೆರೆ ಕೆನ್ನೆಯ ಮೇಲೆ ಹಾಗೇ ಇತ್ತು.

"ಅಣ್ಣಾ, ನಮ್ ಅಪ್ಪ ಹೆಂಗಿದಾರೆ? ನಿಜ ಹೇಳಿ."

"ಚೆನ್ನಾಗಿದಾರಮ್ಮ. ಈಗ್ತಾನೆ ಕಾಫಿ ಕುಡೀತಿದಾರೆ, ನೋಡು," ಎಂದು ಫೋನು ತಾತನ ಕಡೆ ತಿರುಗಿಸಿದೆ.

ಅವಳು ಅಪ್ಪನನ್ನು ನೋಡಿದಳು, ಅತ್ತಳು. ಸ್ವಲ್ಪ ಹೊತ್ತಾದ ಮೇಲೆ ಹೇಳಿದಳು: ಅವಳು ನೋಡಿಕೊಳ್ಳುತ್ತಿದ್ದ ಮುದುಕರಲ್ಲಿ ಬಹಳ ಜನ ಹೋಗಿಬಿಟ್ಟಿದ್ದರು. ಬೆಳಿಗ್ಗೆ ಅವಳಿಂದ ತಲೆ ಬಾಚಿಸಿಕೊಂಡವರು ಮರುದಿನ ಇರುತ್ತಿರಲಿಲ್ಲ. "ಇಲ್ಲಿ ಎಲ್ಲಾ ಇದೆ ಅಣ್ಣಾ. ಆಸ್ಪತ್ರೆ ಇದೆ, ಆಂಬುಲೆನ್ಸ್ ಇದೆ, ಒಬ್ಬೊಬ್ಬರಿಗೆ ಒಂದೊಂದು ರೂಮಿದೆ. ನಮ್ ಲೈನಲ್ಲಿ ಏನಿದೆ? ಒಂದು ನಲ್ಲಿ, ಅದಕ್ಕೆ ಅಷ್ಟು ಮನೆ. ಆದ್ರೂ ಅಲ್ಲಿ ಯಾರೂ ಸಾಯ್ತಿಲ್ಲ, ಇಲ್ಲಿ ಸಾಯ್ತಿದಾರೆ. ಯಾಕೆ?"

ಫೋನಿಟ್ಟ ಮೇಲೆ ಅದನ್ನೇ ತಾತನನ್ನು ಕೇಳಿದೆ. ಅವರು ಲೋಟ ಕೆಳಗಿಟ್ಟರು.

"ಇಲ್ಲಿ ಇನ್ನೂ ಬಂದಿಲ್ಲ ತಂಬಿ, ಅಷ್ಟೇ," ಎಂದರು. "ಗಣಿ ಒಳಗೆ ಮದ್ದು ಸಿಡಿಸಿದ ಮೇಲೆ ಸದ್ದು ನಿಂತ್ರೂ ನಾವು ತಕ್ಷಣ ಓಗ್ತಿರ್ಲಿಲ್ಲ. ದೂಳು ಇಳಿಯೋ ತನಕ ಕಾಯ್ತಿದ್ವಿ. ಇದೂ ಅಂಗೇ ಅಂತ ನಂಗೆ ಅನ್ಸುತ್ತೆ."

ಆ ದಿನಗಳಲ್ಲಿ ಎಲ್ಲರ ಹತ್ತಿರವೂ ಒಂದೊಂದು ಉತ್ತರವಿತ್ತು. ಸಂಜೆ ಊರಿನ ಡೈರಿಯ ಮುಂದೆ ದೂರ ದೂರ ಗೆರೆ ಎಳೆದ ಚೌಕದಲ್ಲಿ ನಿಂತುಕೊಂಡು ಜನ ಇದೇ ಮಾತಾಡುತ್ತಿದ್ದರು. ಚಿಕ್ಕಪ್ಪ ದೊಡ್ಡ ಮೈಯ ಆಳು. ಟೊಮೆಟೊ ಕ್ರೇಟುಗಳನ್ನು ಒಂದರ ಮೇಲೊಂದಿಟ್ಟು ಒಬ್ಬನೇ ಎತ್ತುತ್ತಿದ್ದ. ಅವನಿಗೆ ಅನುಮಾನವೇ ಇರಲಿಲ್ಲ.

"ಅವ್ರು ಬ್ರೆಡ್ಡು ತಿನ್ನೋರು, ನಾವು ಮುದ್ದೆ ತಿನ್ನೋರು ಕಣ್ಲಾ. ಬಿಸ್ಲಲ್ಲಿ ಬೆಂದಿರೋ ಮೈ ಇದು. ಅದು ನಮ್ ತಂಟೆಗೆ ಬರಾಕಿಲ್ಲ."

"ಬಂದ್ರೆ ಏನ್ಮಾಡ್ತೀಯ ಚಿಕ್ಕಪ್ಪ?"

"ಬಂದ್ರೆ ನಿನ್ ಎಕ್ಸ್-ರೇ ಮಿಷೀನಲ್ಲಿ ಕೂರುಸ್ತೀನಿ ಬಿಡು," ಎಂದು ನಕ್ಕ. ಸುತ್ತ ನಿಂತವರೂ ನಕ್ಕರು. ನಾನೂ ನಕ್ಕೆ. ಅವನ ಧೈರ್ಯ ನೋಡಿದರೆ ನನಗೂ ಧೈರ್ಯ ಬರುತ್ತಿತ್ತು.

ಆಸ್ಪತ್ರೆಯ ಡಾಕ್ಟರಮ್ಮನನ್ನೂ ಕೇಳಿದೆ. ಅವರು ಬಹಳ ವರ್ಷ ಕೆಜಿಎಫ್‌ನವರ ಎದೆಯನ್ನೇ ನೋಡಿದವರು. ಅಂದು ರೋಗಿಗಳು ಕಮ್ಮಿ. ನನ್ನ ಕೋಣೆಗೇ ಬಂದು ಕುರ್ಚಿ ಎಳೆದುಕೊಂಡು ಕೂತರು.

"ಒಂದೇ ಕಾರಣ ಹುಡುಕಬೇಡಿ," ಎಂದರು. "ಇದು ಹೆಚ್ಚಾಗಿ ಮುದುಕರನ್ನ ಕೊಲ್ಲುತ್ತೆ. ಅವರ ದೇಶದಲ್ಲಿ ಮುದುಕರು ಜಾಸ್ತಿ, ಅದರಲ್ಲೂ ತುಂಬಾ ದುರ್ಬಲರಾದವರೆಲ್ಲ ಒಂದೇ ಕಟ್ಟಡದಲ್ಲಿ. ಒಬ್ಬರಿಗೆ ಬಂದರೆ ಎಲ್ಲರಿಗೂ ಬರುತ್ತೆ. ನಮ್ಮಲ್ಲಿ ಹುಡುಗರು ಜಾಸ್ತಿ. ಅವರಿಗೆ ಬಂದು ಹೋದದ್ದೂ ಗೊತ್ತಾಗಲ್ಲ. ಇನ್ನೊಂದು, ಅವರು ಪ್ರತಿಯೊಂದು ಸಾವನ್ನೂ ಬರೆದಿಡ್ತಾರೆ. ನಮ್ಮಲ್ಲಿ ಹಳ್ಳಿಯಲ್ಲಿ ಒಬ್ಬರು ಮನೆಯಲ್ಲೇ ತೀರಿಕೊಂಡರೆ ಯಾವ ಕಾಯಿಲೆಯಿಂದ ಅಂತ ಯಾರು ಕೇಳ್ತಾರೆ? ಕೆಲವು ದ್ವೀಪದ ದೇಶಗಳು ಮೊದಲೇ ಬಾಗಿಲು ಹಾಕಿಕೊಂಡು ಬಚಾವಾದವು. ಇನ್ನೂ ಎಷ್ಟೋ ಇವೆ, ನಮಗೇ ಗೊತ್ತಿಲ್ಲ."

"ಹಾಗಾದ್ರೆ ನಾವು ಬಚಾವಾ ಮೇಡಂ?"

"ಅದನ್ನ ಹೇಳೋ ಧೈರ್ಯ ನನಗಿಲ್ಲ," ಎಂದರು. ಎದ್ದು ಹೋಗುವಾಗ ಬಾಗಿಲಲ್ಲಿ ನಿಂತು, "ನಿಮ್ಮ ಆ ತಾತನ್ನ ಮನೆಯಿಂದ ಹೊರಗೆ ಬಿಡಬೇಡಿ ಅಂತ ಹೇಳಿ," ಎಂದರು.

ಮರುವರ್ಷ ಲಸಿಕೆ ಬಂತು. ಆಸ್ಪತ್ರೆಯಲ್ಲಿ ಕೆಲಸ ಮಾಡುವವನೆಂದು ನನಗೆ ಮೊದಲೇ ಸಿಕ್ಕಿತು. ತಾತ ಒಂದು ಬೆಳಿಗ್ಗೆ ಮಗನ ಕೈ ಹಿಡಿದುಕೊಂಡು ಹೋಗಿ ಸರದಿಯಲ್ಲಿ ಕೂತಿದ್ದರು. ಅವರ ಸರದಿ ಬರುವ ಮುಂಚೆ ಲಸಿಕೆ ಮುಗಿದುಹೋಯಿತು, ಇನ್ನೊಂದು ದಿನ ಬನ್ನಿ ಅಂದರು. ಚಿಕ್ಕಪ್ಪ ಹೋಗಲೇ ಇಲ್ಲ. "ಚೆನ್ನಾಗಿರೋನಿಗೆ ಸೂಜಿ ಯಾಕ್ಲಾ," ಎಂದ.

ಆಮೇಲೆ ಎರಡನೆಯ ಅಲೆ ಬಂತು. ನಾನು ಅದನ್ನು ಮೊದಲು ಕಂಡದ್ದು ನನ್ನ ಕೋಣೆಯ ಪರದೆಯ ಮೇಲೆ. ಕಪ್ಪಗಿರಬೇಕಾದ ಜಾಗವೆಲ್ಲ ಬೆಳ್ಳಗೆ. ಮೊದಲನೆಯದನ್ನು ನೋಡಿ ಮೆಷೀನು ಕೆಟ್ಟಿರಬೇಕು ಅಂದುಕೊಂಡೆ. ಎರಡನೆಯದೂ ಹಾಗೇ ಬಂತು. ಮುದುಕರದಷ್ಟೇ ಅಲ್ಲ, ನನ್ನ ವಯಸ್ಸಿನವರದು, ನನಗಿಂತ ಚಿಕ್ಕವರದು. ಮೊಗಸಾಲೆಯಲ್ಲಿ ಕೂರಲು ಜಾಗವಿಲ್ಲದೆ ಜನ ಹೊರಗೆ ಆಟೊಗಳಲ್ಲೇ ಕೂತಿದ್ದರು. ಇದ್ದ ಕೆಲವೇ ಹಾಸಿಗೆಗಳು ತುಂಬಿದವು. ಸಿಲಿಂಡರುಗಳು ಖಾಲಿಯಾದ ಹಾಗೆ ಡಾಕ್ಟರಮ್ಮನ ಮುಖ ಸಣ್ಣದಾಗುತ್ತಾ ಹೋಯಿತು.

ಆ ವಾರವೇ ಚಿಕ್ಕಪ್ಪನಿಗೆ ಜ್ವರ ಬಂತು. ನಾನು ಸಂಜೆ ಹೋಗಿ ಬಾಗಿಲಲ್ಲಿ ನಿಂತು ಕರೆದೆ.

"ಚಿಕ್ಕಪ್ಪ, ನನ್ ಜೊತೆ ಆಸ್ಪತ್ರೆಗೆ ಬಾ. ಒಂದು ಫಿಲ್ಮು ತೆಗ್ಯಾನ."

"ಅಲ್ಲಿಗೋದೋರು ವಾಪಸ್ ಬತ್ತಾವ್ರಾ?" ಮಂಚದ ಮೇಲೆ ಕೂತೇ ಕೇಳಿದ. "ಸತ್ರೆ ಎಣಾನೂ ಕೊಡಾಕಿಲ್ವಂತೆ. ಪ್ಲಾಸ್ಟಿಕ್ಕಲ್ಲಿ ಸುತ್ತಾಕ್ತಾರಂತೆ. ನಾನ್ ಬರಾಕಿಲ್ಲ ಕಣ್ಲಾ. ಮೆಣಸಿನ ಕಷಾಯ ಕುಡ್ದಿವ್ನಿ, ಕಮ್ಮಿ ಆಗ್ತೈತೆ."

ಚಿಕ್ಕಮ್ಮನೂ ಗೋಗರೆದಳು. ಅವನು ಕೇಳಲಿಲ್ಲ. ಎರಡು ದಿನ ಬಿಟ್ಟು ಮಧ್ಯಾಹ್ನ, ಊಟಕ್ಕೆ ಎಬ್ಬಿಸಲು ಹೋಗಿ, ಅವನು ಉಸಿರಿಗೆ ಒದ್ದಾಡುವುದನ್ನು ಕಂಡ ಚಿಕ್ಕಮ್ಮನ ಕೂಗು ಬೀದಿಗೆಲ್ಲ ಕೇಳಿಸಿತು. ನಾನು ಆಸ್ಪತ್ರೆಯಿಂದ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಪರೀಕ್ಷೆ ಮಾಡಿಸಿರಲಿಲ್ಲ, ಡಾಕ್ಟರು ನೋಡಿರಲಿಲ್ಲ. ಊರಿನಲ್ಲಿ ಜ್ವರ ಬಂದು ಹೋದ ಅಂದರು, ಅಷ್ಟೇ. ಹೊಲದ ಅಂಚಿನಲ್ಲಿ ನಾವು ಬೆರಳೆಣಿಕೆಯ ಜನ ಸೇರಿ ಮಣ್ಣು ಮಾಡಿದೆವು. ಅಷ್ಟು ದೊಡ್ಡ ಆಳನ್ನು ಎತ್ತಲು ಅಷ್ಟೇ ಜನ ಇದ್ದದ್ದು ನನಗೆ ಇಂದಿಗೂ ಕಣ್ಣಿಗೆ ಕಟ್ಟಿದ ಹಾಗಿದೆ. ಡಾಕ್ಟರಮ್ಮ ಹಿಂದಿನ ವರ್ಷ ಹೇಳಿದ್ದು ಆಗ ಅರ್ಥವಾಯಿತು. ಯಾವ ಲೆಕ್ಕದಲ್ಲೂ ನನ್ನ ಚಿಕ್ಕಪ್ಪ ಇರಲಿಲ್ಲ. ಟಿವಿಯಲ್ಲಿ ಆ ಸಂಜೆ ಹೇಳಿದ ಸಂಖ್ಯೆಯಲ್ಲಿ ಅವನಿರಲಿಲ್ಲ.

ತಿಥಿಗೆ ಮುಂಚೆಯೇ, ನಾನು ಕೆಲಸಕ್ಕೆ ವಾಪಸ್ ಹೋದ ಬೆಳಿಗ್ಗೆ, ತಾತನ ಮಗ ಫೋನು ಮಾಡಿದ. "ಅಪ್ಪನಿಗೆ ಮಾತಾಡಕ್ಕಾಗ್ತಿಲ್ಲಣ್ಣಾ. ತುಟಿ ನೀಲಿ ಆಗಿದೆ."

ಆಟೊದಲ್ಲಿ ಕರೆತಂದರು. ಆಕ್ಸಿಜನ್ ಅಳೆಯಲು ಬೆರಳಿಗೆ ಸಿಕ್ಕಿಸುವ ಯಂತ್ರ ನೋಡಿ ಡಾಕ್ಟರಮ್ಮ ಕೂಡಲೇ ನನ್ನ ಕೋಣೆಗೆ ಕಳಿಸಿದರು. ನಾನು ಎಕ್ಸ್-ರೇ ತೆಗೆದೆ. ಹಳೆಯ ಮರಳಿನ ಮೇಲೆ ಹೊಸ ಬಿಳುಪು ಕವಿದಿತ್ತು. ಫಿಲ್ಮು ಡಾಕ್ಟರಮ್ಮನ ಕೈಗೆ ಕೊಟ್ಟೆ.

"ಇದು ಮೊದಲೇ ಅರ್ಧ ಕೆಲಸ ಮಾಡೋ ಶ್ವಾಸಕೋಶ," ಎಂದರು ಅವರು. "ದೊಡ್ಡ ಆಸ್ಪತ್ರೆಗಳಲ್ಲಿ ಕೇಳಿದೆ, ಹಾಸಿಗೆ ಇಲ್ಲ. ನಮ್ಮಲ್ಲಿ ನಿನ್ನೆ ಒಂದು ಖಾಲಿಯಾಗಿದೆ. ಇವರನ್ನ ಸೇರಿಸಿಕೊಳ್ತೀನಿ. ಆದರೆ ಆಕ್ಸಿಜನ್ ನಾಳೆಯ ತನಕ ಬರಬಹುದು. ಆಮೇಲೆ ಎಲ್ಲಿಂದ ತರಲಿ?"

ತಾತನನ್ನು ಮಲಗಿಸಿದ ಸ್ವಲ್ಪ ಹೊತ್ತಿಗೆ ಅವರ ಮಗಳ ಕರೆ ಬಂತು. ಈ ಸಲ ಪ್ರಶ್ನೆ ತಿರುಗಾಮುರುಗಾ ಆಗಿತ್ತು. ಅವಳ ವೃದ್ಧಾಶ್ರಮದಲ್ಲಿ ಉಳಿದ ಮುದುಕರಿಗೆಲ್ಲ ಲಸಿಕೆ ಆಗಿ, ತಿಂಗಳುಗಳಿಂದ ಯಾರೂ ಆ ಕಾಯಿಲೆಯಿಂದ ಸತ್ತಿರಲಿಲ್ಲ. ಅಲ್ಲಿ ತೋಟದಲ್ಲಿ ಕುರ್ಚಿ ಹಾಕಿ ಬಿಸಿಲಿಗೆ ಕೂರಿಸುತ್ತಿದ್ದಳು. ಇಲ್ಲಿ ಅವಳಪ್ಪ ಉಸಿರಿಗೆ ಒದ್ದಾಡುತ್ತಿದ್ದರು.

"ಅದೇ ಕಾಯಿಲೆ ಅಣ್ಣಾ," ಎಂದಳು. ಅತ್ತು ಅತ್ತು ದನಿ ಒಡೆದಿತ್ತು. "ಹೋದ ವರ್ಷ ನಾನು ಇಲ್ಲಿದ್ದು ನಿಮ್ಮನ್ನ ನೋಡಿ ಹೊಟ್ಟೆಕಿಚ್ಚು ಪಟ್ಟೆ. ಈಗ ಇಲ್ಲಿಂದ ಏನೂ ಮಾಡೋಕಾಗ್ತಿಲ್ಲ."

ಆಮೇಲೆ ಅವಳೇ ಸುಧಾರಿಸಿಕೊಂಡಳು. ನರ್ಸಿನ ದನಿ ಬಂತು. "ಅಪ್ಪನ್ನ ಬೋರಲು ಮಲಗ್ಸಿ. ಎದೆ ಕೆಳಗೊಂದು ದಿಂಬು, ಸೊಂಟದ ಕೆಳಗೊಂದು. ಹಾಗೆ ಮಲಗಿದ್ರೆ ಇರೋ ಗಾಳಿ ಚೆನ್ನಾಗಿ ಹಿಡಿಯುತ್ತೆ. ಅವರು ಬೇಡ ಅಂತಾರೆ, ಬೈತಾರೆ. ಬಿಡಬೇಡಿ. ಫೋನು ಹತ್ರ ಇಡಿ, ನಾನು ಮಾತಾಡ್ತಾ ಇರ್ತೀನಿ."

ಡಾಕ್ಟರಮ್ಮನೂ ಅದನ್ನೇ ಮಾಡಿಸುವವರಿದ್ದರು. ತಾತ ಬೈದರು, ತಮಿಳಿನಲ್ಲಿ, ಉಸಿರು ಸಿಕ್ಕಷ್ಟು. ಮಗಳು ಫೋನಿನಿಂದ ತಮಿಳಿನಲ್ಲೇ ಗದರಿಸಿದಳು. ಬೋರಲು ಮಲಗಿದ ಅವರ ಕಿವಿಯ ಹತ್ತಿರ ಫೋನು ಇಟ್ಟು ನಾನು ಇನ್ನೊಬ್ಬರ ಎಕ್ಸ್-ರೇ ತೆಗೆಯಲು ಹೋದೆ. ವಾಪಸ್ ಬಂದಾಗಲೂ ಅವಳು ಮಾತಾಡುತ್ತಲೇ ಇದ್ದಳು. ಲೈನಿನ ಹಳೆಯ ಕಥೆ, ಅಮ್ಮ ಮಾಡುತ್ತಿದ್ದ ಮೀನು ಸಾರು, ಯಾರ ಮದುವೆಯಲ್ಲಿ ಯಾರು ಜಗಳ ಮಾಡಿದ್ದು, ಅಂಥವು.

ಆಕ್ಸಿಜನ್ ಮಾತ್ರ ಮರುದಿನದ ತನಕ ಅಷ್ಟೇ ಇತ್ತು. ಉರಿಗಾಂ ಲೈನಿನ ಹುಡುಗರು ಆಗಲೇ ಒಂದು ಗುಂಪು ಮಾಡಿಕೊಂಡಿದ್ದರು. ಚರ್ಚಿಗೆ ಹೋಗುವವರೂ ದೇವಸ್ಥಾನಕ್ಕೆ ಹೋಗುವವರೂ ಎಲ್ಲ ಒಂದೇ ಬೀದಿಯ ಗೆಳೆಯರು. ಕೋಲಾರದ ಕಡೆ ಒಂದು ಕಡೆ ಸಿಲಿಂಡರ್ ತುಂಬಿಸಿಕೊಡುತ್ತಾರೆ, ಸರದಿಯಲ್ಲಿ ನಿಲ್ಲಲು ನಾವಿದ್ದೇವೆ, ಆದರೆ ಹೊತ್ತು ತರಲು ಗಾಡಿಯಿಲ್ಲ ಅಂದರು. ಆಟೊದವರು ಅಷ್ಟು ದೂರ ಬರಲು ಹೆದರುತ್ತಿದ್ದರು. ಲಾಕ್‌ಡೌನಿನಲ್ಲಿ ಯಾರೂ ತಡೆಯದೆ ಓಡಾಡುತ್ತಿದ್ದ ಗಾಡಿಯೆಂದರೆ ನನಗೆ ನೆನಪಾದದ್ದು ಒಂದೇ, ನಮ್ಮೂರಿನ ಹಾಲಿನ ಟೆಂಪೊ.

ಸಂಜೆ ಡೈರಿಯಲ್ಲಿ ಕೇಳಿದೆ. ಊರಿನಲ್ಲಿ ಆಗಲೇ ಸಾವಾಗಿತ್ತು, ಎಲ್ಲರಿಗೂ ಭಯ. ಒಬ್ಬರು, "ರೋಗದ ಮನೆ ಸಿಲಿಂಡರು ಸಾಗ್ಸಿ, ಅದೇ ಗಾಡೀಲಿ ಆಲು ತುಂಬಿದ್ರೆ ಯಾರಪ್ಪ ತಗೋತಾರೆ?" ಎಂದರು. ಅವರು ಹೇಳಿದ್ದೂ ತಪ್ಪಲ್ಲ. ಊರಿಗೆ ಉಳಿದಿದ್ದ ಬದುಕು ಅದೊಂದೇ.

ಆಗ ಚಿಕ್ಕಮ್ಮ ಬಂದಳು. ಗಂಡ ಹೋದ ಹೆಂಗಸು ತಿಥಿಗೆ ಮುಂಚೆ ಬೀದಿಗೆ ಬರುವುದು ನಮ್ಮಲ್ಲಿಲ್ಲ. ಅವಳು ಸೀದಾ ಬಂದು ಡೈರಿಯ ಮೆಟ್ಟಿಲ ಹತ್ತಿರ ನಿಂತಳು. ಹಾಲು ಅಳೆಯುತ್ತಿದ್ದ ಕಾರ್ಯದರ್ಶಿ ಕೈ ನಿಲ್ಲಿಸಿದರು.

"ನಮ್ಮೋರು ಯಾವ ಕಾಯ್ಲೇಲಿ ಓದ್ರು ಅಂತ ನಿಮ್ಗೆಲ್ಲ ಗೊತ್ತೈತೆ," ಎಂದಳು. ದನಿ ಎತ್ತರಿಸಲಿಲ್ಲ. "ಜ್ವರ ಜ್ವರ ಅಂತೀರಾ. ಅದೇ ಕಾಯ್ಲೆ. ನನ್ ಕಣ್ಮುಂದೆ ಉಸ್ರು ಸಿಗ್ದೆ ಓದ್ರು. ಆ ಉರಿಗಾಂ ತಾತ ನಮ್ಮನೆ ಆಲು ಕುಡ್ಕಂಡಿರೋ ಮನ್ಸ. ನಮ್ಮೋರಿಗೆ ಆಗ್ಲಿಲ್ಲ. ಅವ್ರಿಗಾದ್ರೂ ಆಗ್ಲಿ. ಗಾಡಿ ಕಳ್ಸಿ. ತೊಳ್ಯದು ನಾನ್ ತೊಳೀತೀನಿ."

ಕಾರ್ಯದರ್ಶಿ ಅಳತೆಯ ಪಾತ್ರೆ ಕೆಳಗಿಟ್ಟು, "ನೀನ್ಯಾಕಕ್ಕ ತೊಳೀಬೇಕು, ನಾವೆಲ್ಲ ಇಲ್ವಾ," ಎಂದರು. ಡ್ರೈವರನ್ನು ಕರೆದು, ಬೆಳಗಿನ ಹಾಲು ಇಳಿಸಿದ ಮೇಲೆ ಕೋಲಾರದ ಕಡೆ ತಿರುಗಿಸು ಎಂದರು.

ಮರುದಿನದಿಂದ ಹಾಗೇ ನಡೆಯಿತು. ಟೆಂಪೊ ಹಾಲಿನ ಕ್ಯಾನುಗಳನ್ನು ಇಳಿಸಿ, ಉರಿಗಾಂಗೆ ಬಂದು ಇಬ್ಬರು ಹುಡುಗರನ್ನೂ ಖಾಲಿ ಸಿಲಿಂಡರುಗಳನ್ನೂ ಹತ್ತಿಸಿಕೊಂಡು ಹೋಗುತ್ತಿತ್ತು. ಒಮ್ಮೊಮ್ಮೆ ಸರದಿ ಮುಗಿಯುವುದು ಸಂಜೆಯಾಗುತ್ತಿತ್ತು. ಹುಡುಗರಿಗೆ ನಮ್ಮೂರಿನ ಮನೆಗಳಿಂದ ಮುದ್ದೆ, ಸೊಪ್ಪಿನ ಸಾರು ಕಟ್ಟಿ ಕಳಿಸುವುದು ಶುರುವಾಯಿತು. ಟೆಂಪೊ ವಾಪಸ್ ಬಂದ ಕೂಡಲೇ ಊರಿನ ಬೋರ್‌ವೆಲ್ ಹತ್ತಿರ ನಿಲ್ಲಿಸಿ ಸೋಪಿನ ನೀರು ಹಾಕಿ ಉಜ್ಜುತ್ತಿದ್ದರು. ಉಜ್ಜುವವರಲ್ಲಿ ಮೊದಲ ದಿನ ಬೇಡ ಅಂದವರೂ ಇದ್ದರು. ಹಾಲು ಬೇಡ ಅಂದವರು ಯಾರೂ ಇರಲಿಲ್ಲ. ಆ ಸಿಲಿಂಡರುಗಳು ತಾತನಿಗಷ್ಟೇ ಅಲ್ಲ, ಆಸ್ಪತ್ರೆಯ ಎಲ್ಲ ಹಾಸಿಗೆಗಳಿಗೂ ಬಂದವು. ಎಲ್ಲರೂ ಉಳಿಯಲಿಲ್ಲ. ತಾತನ ಪಕ್ಕದ ಹಾಸಿಗೆಯ, ಅವರಿಗಿಂತ ಎಷ್ಟೋ ಚಿಕ್ಕವರಾದ ಒಬ್ಬ ಮೇಷ್ಟ್ರು ಹೋದರು. ಉಳಿದವರೂ ಬಹಳ ಜನ ಇದ್ದರು.

ತಾತ ಉಳಿಯುತ್ತಾರೆಂದು ನಾನು ನಂಬಿರಲಿಲ್ಲ. ಡಾಕ್ಟರಮ್ಮನೂ ನಂಬಿರಲಿಲ್ಲವೆಂದು ಆಮೇಲೆ ಹೇಳಿದರು. ಒಂದು ಬೆಳಿಗ್ಗೆ ನಾನು ವಾರ್ಡಿಗೆ ಹೋದರೆ ತಾತ ದಿಂಬಿಗೆ ಒರಗಿ ಕೂತಿದ್ದರು. ಮೂಗಿಗೆ ನಳಿಗೆ ಇತ್ತು. ನನ್ನನ್ನು ನೋಡಿ ಬೆರಳಿನಿಂದ ಹತ್ತಿರ ಕರೆದರು.

"ಈ ಫೋನು ತೆಗಿ ತಂಬಿ," ಎಂದರು ಮೆಲ್ಲಗೆ. "ಅವಳು ಮಾತು ನಿಲ್ಸಲ್ಲ. ನಂಗೆ ನಿದ್ದೆ ಬರ್ತಾ ಇದೆ."

ಫೋನಿನ ಆ ಕಡೆಯಿಂದ ಅವಳು ನಗುತ್ತಿದ್ದಳೋ ಅಳುತ್ತಿದ್ದಳೋ ಗೊತ್ತಾಗಲಿಲ್ಲ. ನಾನು ಮೊಗಸಾಲೆಗೆ ಹೋಗಿ ಗೋಡೆಗೆ ಒರಗಿ ನಿಂತೆ. ಚಿಕ್ಕಪ್ಪ ಹೋದ ಮೇಲೆ ನಾನು ಅತ್ತಿರಲಿಲ್ಲ. ಆವತ್ತು ಅತ್ತೆ.

ಮಳೆಗಾಲ ಬಂದು ಅಲೆ ಇಳಿಯಿತು. ಲಸಿಕೆ ಹಾಕುವವರು ನಮ್ಮೂರಿಗೂ ಬರಲು ಶುರುಮಾಡಿದರು. ಊರಿನವರು ಮಾತ್ರ ಅವರ ಜೀಪಿನ ಸದ್ದು ಕೇಳಿದರೆ ಹೊಲದ ಕಡೆ ಹೊರಟುಬಿಡುತ್ತಿದ್ದರು. ಸೂಜಿ ಹಾಕಿಸಿಕೊಂಡರೆ ಜ್ವರ ಬರುತ್ತದೆ, ಗಂಡಸರಿಗೆ ಶಕ್ತಿ ಹೋಗುತ್ತದೆ, ಹೀಗೆ ಏನೇನೋ. ಆಶಾ ಕಾರ್ಯಕರ್ತೆ ಮನೆ ಮನೆ ತಿರುಗಿ ಸೋತಿದ್ದಳು. ನಾನು ಈ ಮಾತನ್ನು ಉರಿಗಾಂನಲ್ಲಿ ತಾತನಿಗೆ ಹೇಳಿದೆ. ಹಾಲಿನ ಕ್ಯಾನು ವಾಪಸ್ ಕೊಡುವಾಗ ಅವರು, "ಮುಂದಿನ ಸಲ ಅವ್ರು ಬರೋ ದಿನ ನನ್ನೂ ಕರ್ಕೊಂಡೋಗು," ಎಂದರು.

"ನೀವ್ಯಾಕೆ ತಾತಾ ಅಷ್ಟು ದೂರ? ಇಲ್ಲೇ ಹಾಕ್ತಾರಲ್ಲ."

"ಇಲ್ಲಿ ಹಾಕಿಸ್ಕೊಂಡ್ರೆ ನನ್ನ ಯಾರು ನೋಡ್ತಾರೆ?"

ಡಾಕ್ಟರಮ್ಮ, ಕಾಯಿಲೆ ಬಂದುಹೋಗಿ ಸಾಕಷ್ಟು ಕಾಲವಾಗಿದೆ, ಈಗ ಹಾಕಿಸಬಹುದು ಅಂದರು. ಹಾಲಿನ ಟೆಂಪೊದ ಮುಂದಿನ ಸೀಟಿನಲ್ಲಿ ಡ್ರೈವರಿನ ಪಕ್ಕ ಕೂತು ತಾತ ನಮ್ಮೂರಿಗೆ ಬಂದರು. ಬಿಳಿ ಅಂಗಿ ತೊಟ್ಟು ತಲೆಗೆ ಎಣ್ಣೆ ಹಚ್ಚಿದ್ದರು. ಡೈರಿಯ ಮುಂದಿನ ಕಲ್ಲುಬೆಂಚಿನ ಮೇಲೆ ಅವರನ್ನು ಕೂರಿಸಿದೆವು. ಜನ ಸುಮ್ಮನೆ ನೋಡಲೆಂದೇ ಸೇರಿದರು. ನಮ್ಮ ಸಿಲಿಂಡರಿನ ತಾತ ಇವರೇನಾ ಎಂದು ಹೆಂಗಸರು ಪಿಸುಗುಟ್ಟಿದರು. ಚಿಕ್ಕಮ್ಮ ಒಳಗಿನಿಂದ ಕಾಫಿ ತಂದು ಕೊಟ್ಟಳು. ಅವರಿಬ್ಬರೂ ಒಬ್ಬರನ್ನೊಬ್ಬರು ನೋಡಿದ್ದು ಅದೇ ಮೊದಲು.

ತಾತ ತೆಲುಗು, ತಮಿಳು, ಕನ್ನಡ ಮೂರನ್ನೂ ಕಲಸಿ ಮಾತಾಡಿದರು. ನಮ್ಮೂರಿನವರಿಗೆ ಅದೇನೂ ಕಷ್ಟವಾಗಲಿಲ್ಲ.

"ನಂಗೆ ಉಸಿರು ಕಮ್ಮಿ. ಅದಕ್ಕೆ ಮಾತೂ ಕಮ್ಮಿ ಆಡ್ತೀನಿ," ಎಂದರು. ಒಂದಿಬ್ಬರು ನಕ್ಕರು. "ನನ್ ಮಗಳು ಇರೋ ದೇಶದಲ್ಲಿ ಮೊದ್ಲ ವರ್ಷ ಮುದುಕ್ರು ಬೇಜಾನ್ ಸತ್ತೋದ್ರು. ಎರಡ್ನೇ ವರ್ಷ ಈ ಸೂಜಿ ಹಾಕಿಸ್ಕೊಂಡ್ರು, ಸಾಯ್ಲಿಲ್ಲ. ನಾನೂ ಓಗಿದ್ದೆ, ಮುಗ್ದೋಯ್ತು ಅಂತ ವಾಪಸ್ ಕಳ್ಸಿದ್ರು. ಆಮೇಲೆ ನಿಮ್ ಗಾಡೀಲಿ ಬಂದ ಗಾಳಿಯಿಂದ ಬದುಕ್ದೆ. ನಿಮ್ಗೆ ಊರ್ ಮುಂದೇನೇ ತಂದು ಕೊಡ್ತಾ ಇದಾರೆ. ನೀವು ಓಡೋಗ್ತಾ ಇದೀರಂತೆ."

ಅಷ್ಟೇ. ನಿಲ್ಲಿಸಿ ಉಸಿರು ಎಳೆದುಕೊಂಡರು. ಅಂಗಿಯ ತೋಳು ಮಡಿಸಿ, ಲಸಿಕೆ ಹಾಕಲು ಬಂದಿದ್ದ ನರ್ಸಮ್ಮನ ಕಡೆ ಚಾಚಿದರು. ಅವರಾದ ಮೇಲೆ ಚಿಕ್ಕಮ್ಮ ಬಂದು ಕೂತಳು. "ಅವತ್ತು ನಮ್ಮೋರೂ ಹಾಕಿಸ್ಕೊಂಡಿದ್ರೆ," ಎಂದು ಶುರುಮಾಡಿ ಸೆರಗಿನಿಂದ ಮುಖ ಒರೆಸಿಕೊಂಡಳು. ಆಮೇಲೆ ಕಾರ್ಯದರ್ಶಿ, ಆಮೇಲೆ ಡ್ರೈವರು, ಅವನ ಹೆಂಡತಿ. ಮಧ್ಯಾಹ್ನದ ಹೊತ್ತಿಗೆ ನರ್ಸಮ್ಮ ಇನ್ನಷ್ಟು ಲಸಿಕೆ ಬೇಕೆಂದು ಬೇತಮಂಗಲದ ಕಡೆ ಹೋಗಿದ್ದ ಜೀಪಿಗೆ ಫೋನು ಮಾಡಬೇಕಾಯಿತು. ಊರಿನವರೆಲ್ಲ ಅಂದೇ ಹಾಕಿಸಿಕೊಂಡರು ಅಂತಲ್ಲ. ಕೆಲವರು ಇಂದಿಗೂ ಹಾಕಿಸಿಕೊಂಡಿಲ್ಲ. ಆದರೆ ಜೀಪು ಬಂದರೆ ಹೊಲಕ್ಕೆ ಓಡುವುದು ನಿಂತುಹೋಯಿತು. ಮೂರನೆಯ ಅಲೆ ಬಂದಾಗ ನಮ್ಮೂರಿನಲ್ಲಿ ಅರ್ಧಕ್ಕರ್ಧ ಜನ ಮೂಗು ಸೋರಿಸಿಕೊಂಡು ಮಲಗಿದರು, ಎದ್ದರು. ಯಾರನ್ನೂ ಹೊಲದ ಅಂಚಿಗೆ ಎತ್ತಿಕೊಂಡು ಹೋಗಲಿಲ್ಲ.

ತಾತನ ಮಗಳು ರಜೆ ಸಿಕ್ಕಿ ಬಂದದ್ದು ಅದಾದ ಎಷ್ಟೋ ದಿನಗಳ ಮೇಲೆ. ಬಂದವಳು ಮೊದಲು ಚಿಕ್ಕಮ್ಮನನ್ನು ನೋಡಬೇಕು ಅಂದಳು. ಚಿಕ್ಕಮ್ಮನ ಕೈ ಹಿಡಿದುಕೊಂಡು ಕೊಟ್ಟಿಗೆಯಲ್ಲೇ ಬಹಳ ಹೊತ್ತು ಕೂತಿದ್ದಳು. ಅಪ್ಪನಿಗೆ ತೆರೆದ ಗಾಳಿ ಬೇಕು ಎಂದು ಭಾನುವಾರ ಎಲ್ಲರನ್ನೂ ಬೇತಮಂಗಲದ ಕೆರೆಗೆ ಕರೆದುಕೊಂಡು ಹೋದಳು. ಆ ವರ್ಷ ಕೆರೆ ತುಂಬಿತ್ತು. ಏರಿಯ ಮೇಲೆ ಮರದ ನೆರಳಲ್ಲಿ ಚಾಪೆ ಹಾಸಿ, ಚಿಕ್ಕಮ್ಮ ಕಟ್ಟಿಕೊಂಡು ಬಂದಿದ್ದ ಚಿತ್ರಾನ್ನ ತಿಂದೆವು. ಡಾಕ್ಟರಮ್ಮನೂ ಬಂದಿದ್ದರು.

ಊಟವಾದ ಮೇಲೆ ಮಾತು ತಾನಾಗಿಯೇ ಅಲ್ಲಿಗೆ ಬಂತು. ಅಲ್ಲಿ ಯಾಕೆ ಅಷ್ಟು, ಇಲ್ಲಿ ಯಾಕೆ ಇಷ್ಟು.

"ನಾನು ಆಮೇಲೆ ಬೇಜಾನ್ ಓದಿದೆ ಅಣ್ಣಾ," ಎಂದಳು ಅವಳು. "ವಯಸ್ಸು ನಿಜ. ಆಸ್ಪತ್ರೆ ನಿಜ. ಲಸಿಕೆ ಯಾರಿಗೆ ಮೊದಲು ಸಿಕ್ತು ಅನ್ನೋದೂ ನಿಜ. ಅಲ್ಲಿ ಬರೆದಿಟ್ರು, ಇಲ್ಲಿ ಎಷ್ಟೋ ಬರೀಲೇ ಇಲ್ಲ, ಅದೂ ನಿಜ. ಆದ್ರೆ ಹೆಚ್ಚುಕಮ್ಮಿ ಒಂದೇ ವಯಸ್ಸು, ಒಂದೇ ಸಿರಿತನ ಇರೋ ದೇಶಗಳಲ್ಲೂ ಒಂದರಲ್ಲಿ ಜಾಸ್ತಿ, ಇನ್ನೊಂದರಲ್ಲಿ ಕಮ್ಮಿ. ಜನ ಒಬ್ಬರನ್ನೊಬ್ಬರು ಎಷ್ಟು ನಂಬ್ತಾರೆ, ಅದರ ಮೇಲೂ ನಿಲ್ಲುತ್ತೆ ಅಂತಾರೆ ಕೆಲವರು."

"ಅದು ಸುಮಾರಾಗಿ ಒಪ್ಪೋ ಮಾತೇ," ಎಂದರು ಡಾಕ್ಟರಮ್ಮ. "ಆದರೆ ನಂಬಿಕೆ ಒಂದರಿಂದ ಸಿಲಿಂಡರ್ ತುಂಬಲ್ಲ. ಎರಡೂ ಬೇಕು." ಎದೆಯ ಕಾಯಿಲೆಯವರಿಗೆಂದು ಲೈನಿನಲ್ಲಿ ತಿಂಗಳಿಗೊಮ್ಮೆ ತಪಾಸಣೆ ಶುರುಮಾಡಿದ್ದನ್ನು ಹೇಳಿದರು. ಹಾಲಿನ ಟೆಂಪೊದಲ್ಲಿ ಹೋದ ಹುಡುಗರೇ ಈಗ ಅದಕ್ಕೆ ಮುದುಕರನ್ನು ಕರೆತರುತ್ತಾರೆ.

ಚಿಕ್ಕಮ್ಮ ಇಷ್ಟನ್ನೂ ಕೇಳಿಸಿಕೊಂಡಿದ್ದಳು. "ಇನ್ನೊಂದ್ ಸಲ ಅಂತದ್ದು ಬಂದ್ರೆ," ಎಂದಳು, "ಮೊದ್ಲೇ ತಿಳ್ಸಮ್ಮ. ಅಲ್ಲಿ ಬಂದಿದ್ ತಕ್ಷಣ ಫೋನ್ ಮಾಡು. ಇಲ್ಲಿ ನಾವ್ ರೆಡಿ ಆಗ್ತೀವಿ. ನಮ್ಗೂ ಬುದ್ಧಿ ಬಂದೈತೆ."

"ಮಾಡ್ತೀನಿ ಚಿಕ್ಕಮ್ಮಾ," ಎಂದಳು ಅವಳು.

ಅಷ್ಟರಲ್ಲಿ ಅವಳ ಫೋನು ಬಡಿದುಕೊಂಡಿತು. ಇಂಗ್ಲೆಂಡಿನ ವೃದ್ಧಾಶ್ರಮದಿಂದ. ಅಲ್ಲಿ ಒಬ್ಬ ಅಜ್ಜಿ ಇದ್ದಾಳೆ, ಮೊದಲನೆಯ ವರ್ಷ ಕಾಯಿಲೆ ಬಂದು ಉಳಿದವಳು. ಇವಳು ರಜೆಯ ಮೇಲೆ ಹೋದಾಗಿನಿಂದ ನಿನ್ನಪ್ಪನನ್ನು ತೋರಿಸು ಎಂದು ಹಟ ಹಿಡಿದಿದ್ದಳಂತೆ. ಮಗಳು ಫೋನನ್ನು ತಾತನ ಮುಂದೆ ಹಿಡಿದಳು. ಪರದೆಯ ಮೇಲೆ ಹತ್ತಿಯಂಥ ಕೂದಲಿನ ಒಂದು ಮುಖ. ತಾತ ಕೈ ಜೋಡಿಸಿದರು. ಆ ಅಜ್ಜಿ ಇಂಗ್ಲಿಷಿನಲ್ಲಿ ಏನೋ ಕೇಳಿದಳು.

"ನೀವು ಹೇಗೆ ಬದುಕಿಕೊಂಡ್ರಿ ಅಂತ ಕೇಳ್ತಿದಾರೆ ಅಪ್ಪಾ," ಎಂದಳು ಮಗಳು.

ತಾತ ಚಿಕ್ಕಮ್ಮನನ್ನು ಹತ್ತಿರ ಕರೆದು, ಅವಳ ಮುಖವೂ ಕಾಣುವ ಹಾಗೆ ಫೋನನ್ನು ಓರೆ ಮಾಡಿದರು. ಚಿಕ್ಕಮ್ಮ ನಾಚಿಕೊಂಡು ಸೆರಗು ಸರಿಮಾಡಿಕೊಂಡಳು. ಸಾವಿರಾರು ಮೈಲಿ ಆಚೆಯ ಆ ಮುದುಕಿಯ ಮುಖವನ್ನು ದಿಟ್ಟಿಸಿ ನೋಡಿ, ಬಹಳ ದಿನದ ಪರಿಚಯ ಇದ್ದವಳ ಹಾಗೆ, "ಊಟ ಆಯ್ತಾ ಅಜ್ಜಿ?" ಎಂದು ಕೇಳಿದಳು.